ಹಳೇ ಮಿಯಾಟಾದ ರಬ್ಬರ್

ಹಳೇ ಸ್ಪೋರ್ಟ್ಸ್ ಕಾರು ಕೊಳ್ಳಲು ಹೋದವರು ಮೊದಲು ಓಡೋಮೀಟರ್ ನೋಡುತ್ತಾರೆ. ಎಷ್ಟು ಓಡಿದೆ ಅನ್ನುವುದೇ ಮೊದಲ ಪ್ರಶ್ನೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ 1992ರ ಮಾಜ್ದಾ ಮಿಯಾಟಾ ನೋಡಲು ಹೋದಾಗ ನಾನು ಮೊದಲು ಕುಕ್ಕರುಗಾಲಲ್ಲಿ ಕೂತು ನೋಡಿದ್ದು ಟೈರಿನ ಮಗ್ಗುಲನ್ನು. ಅಲ್ಲಿ ಡಿಓಟಿ ಎಂದು ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿಗಳು ಟೈರು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ಈ ಕಾರಿನ ಟೈರಿನ ಮೇಲೆ 2309 ಅಂತ ಇತ್ತು. 2009ನೇ ಇಸವಿಯ 23ನೇ ವಾರ. ಟೈರಿನ ಮೇಲಿನ ಗೆರೆಗಳು ಇನ್ನೂ ಆಳವಾಗಿಯೇ ಇದ್ದವು. ಆದರೆ ಉಗುರು ಒತ್ತಿದರೆ ಚೂರೂ ಊರಲಿಲ್ಲ. ಮಗ್ಗುಲಲ್ಲಿ ಕೂದಲೆಳೆಯ ಬಿರುಕುಗಳು.

ಮಾರುತ್ತಿದ್ದವರು ಒಳ್ಳೆಯ ಜನ. ಕಾರನ್ನು ಗರಾಜಿನೊಳಗೇ ಇಟ್ಟಿದ್ದರು, ಮೇಲೆ ಬಟ್ಟೆ ಹೊದಿಸಿದ್ದರು. ವರ್ಷಗಟ್ಟಲೆ ಹೆಚ್ಚು ಓಡಿಸಿಯೇ ಇರಲಿಲ್ಲ. ಓಡಿಸದೆ ಇಟ್ಟ ಕಾರು ಚೆನ್ನಾಗಿರುತ್ತದೆ ಅಂತ ತುಂಬಾ ಜನ ನಂಬುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬಣ್ಣ ಚೆನ್ನಾಗಿರಬಹುದು, ಸೀಟು ಚೆನ್ನಾಗಿರಬಹುದು. ರಬ್ಬರಿಗೆ ಮಾತ್ರ ಮೈಲಿ ಲೆಕ್ಕ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ವರ್ಷದ ಲೆಕ್ಕ. ಹಳೇ ಕಾರಿನ ರಿಪೇರಿಯಲ್ಲಿ ನಾನು ಕೈಯಾರೆ ಕಲಿತ ದೊಡ್ಡ ಸಂಗತಿ ಇದೇ. ಎಂಜಿನ್ನಿನ ಕಬ್ಬಿಣ, ಗೇರ್‌ಬಾಕ್ಸಿನ ಉಕ್ಕು ಮೂವತ್ತು ವರ್ಷ ಆರಾಮಾಗಿ ಬಾಳುತ್ತವೆ. ಅವುಗಳ ನಡುವೆ ಇರುವ ರಬ್ಬರ್ ಬಾಳುವುದಿಲ್ಲ. ಎಣ್ಣೆ ಸೋರಿದರೆ, ನೀರು ಸೋರಿದರೆ, ಗಾಳಿ ಎಳೆದರೆ, ಕ್ಲಚ್ ಸತ್ತರೆ, ಕಾರು ತಿರುವಿನಲ್ಲಿ ಸಡಿಲವಾಗಿ ಆಡಿದರೆ, ಹುಡುಕುತ್ತಾ ಹೋದಂತೆ ಬಹಳ ಸಲ ಕೊನೆಗೆ ಸಿಗುವುದು ಒಂದು ತುಂಡು ಗಟ್ಟಿಯಾದ ರಬ್ಬರ್.

ಇದನ್ನು ನನಗೆ ಮೊದಲು ಹೇಳಿಕೊಟ್ಟವರು ನಮ್ಮಪ್ಪ. ಮೈಸೂರಿನಲ್ಲಿ ಅವರ ಹತ್ತಿರ ಒಂದು ಯೆಜ್ಡಿ ಇತ್ತು. ನಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ತಯಾರಾದ ಗಾಡಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೆ ಬಿಡಿಭಾಗ ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಅಂಗಡಿ ಅಂಗಡಿ ಅಲೆಯಬೇಕಿತ್ತು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ, ಅಂದರೆ ಪಿಸ್ಟನ್ ತಿರುಗಿಸುವ ಮುಖ್ಯ ದಂಡದ, ಆಯಿಲ್ ಸೀಲ್ (ಎಣ್ಣೆ ತಡೆಯುವ ರಬ್ಬರ್ ಬಳೆ) ಹೋದರೆ ಅದು ಗೇರ್‌ಬಾಕ್ಸಿನ ಎಣ್ಣೆಯನ್ನೇ ಎಳೆದು ಸುಡುತ್ತದೆ, ಹಿಂದೆ ಬಿಳಿ ಹೊಗೆ. ನೋಡಿದವರು ಬೋರ್ ಹೋಗಿದೆ, ಪಿಸ್ಟನ್ ಹೋಗಿದೆ ಅನ್ನುತ್ತಿದ್ದರು. ಅಪ್ಪ ಒಂದು ಸಣ್ಣ ಸೀಲ್ ಹಾಕಿ ಸರಿಮಾಡುತ್ತಿದ್ದರು. "ಎಂಜಿನ್ ಬಿಚ್ಚೋಕೆ ಮುಂಚೆ ರಬ್ಬರ್ ನೋಡಪ್ಪಾ" ಅನ್ನುವುದು ಅವರ ಮಾತು. ಅವರು ಈಗಲೂ ವಿಡಿಯೋ ಕಾಲ್‌ನಲ್ಲಿ ನನ್ನ ಕೆಲಸ ನೋಡುತ್ತಾರೆ.

ಈ ಕಾರನ್ನೇ ಯಾಕೆ ಆರಿಸಿಕೊಂಡೆ ಅಂತ ಸ್ವಲ್ಪ ಹೇಳಬೇಕು. ಅರವತ್ತರ ದಶಕದ ಇಂಗ್ಲಿಷ್ ರೋಡ್‌ಸ್ಟರ್‌ಗಳಂಥ ಹಗುರವಾದ, ಎರಡೇ ಸೀಟಿನ, ಮೇಲ್ಛಾವಣಿ ತೆಗೆಯಬಹುದಾದ ಕಾರು ಎಪ್ಪತ್ತರ ದಶಕದ ಕೊನೆಗೆ ಕಡಿಮೆಯಾಗುತ್ತಾ ಬಂದಿತ್ತು. ಬಾಬ್ ಹಾಲ್ ಎಂಬ ಅಮೆರಿಕದ ಮೋಟಾರು ಪತ್ರಕರ್ತ 1979ರಲ್ಲಿ ಮಾಜ್ದಾದ ಕೆನಿಚಿ ಯಮಾಮೋಟೋ ಅವರಿಗೆ ಇಂಥದ್ದೊಂದು ಕಾರು ಮಾಡಿ ಅಂದರು. ಹತ್ತು ವರ್ಷದ ನಂತರ, 1989ರ ಫೆಬ್ರವರಿಯಲ್ಲಿ, ಶಿಕಾಗೋ ಆಟೋ ಶೋದಲ್ಲಿ ಮಿಯಾಟಾ ಹೊರಬಂತು. 1.6 ಲೀಟರ್ ಎಂಜಿನ್, 116 ಅಶ್ವಶಕ್ತಿ, ತೂಕ ಒಂದು ಟನ್ನಿಗಿಂತ ಕಡಿಮೆ. ಈಗಿನ ಲೆಕ್ಕದಲ್ಲಿ ಅಂಥಾ ಶಕ್ತಿಯೇನೂ ಅಲ್ಲ. ಆದರೆ ಎಂಜಿನ್ ಉದ್ದಕ್ಕೆ ಮುಂದೆ, ಎಳೆಯುವುದು ಹಿಂದಿನ ಚಕ್ರ, ನಾಲ್ಕೂ ಚಕ್ರಕ್ಕೆ ಎರಡೆರಡು ತೋಳಿನ ಡಬಲ್ ವಿಶ್‌ಬೋನ್ ಸಸ್ಪೆನ್ಷನ್. ಓಡಿಸುವವನ ಕೈಗೆ, ಬೆನ್ನಿಗೆ ರಸ್ತೆ ನೇರ ಗೊತ್ತಾಗುತ್ತದೆ. ಜಪಾನಿನವರು ಇದಕ್ಕೆ ಜಿನ್ಬಾ ಇತ್ತಾಯ್ ಅನ್ನುತ್ತಾರೆ, ಸವಾರ ಮತ್ತು ಕುದುರೆ ಒಂದೇ ಅಂತ. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷನೆಯ ಮಿಯಾಟಾ ತಯಾರಾಯಿತು. ಇಷ್ಟು ಜಾಸ್ತಿ ಮಾರಾಟವಾದ ಕಾರಾದ್ದರಿಂದಲೇ ಬಿಡಿಭಾಗ ಇವತ್ತಿಗೂ ಸಿಗುತ್ತದೆ. ಮನೆಯಲ್ಲಿ ರಿಪೇರಿ ಮಾಡುವವನಿಗೆ ಇದು ದೊಡ್ಡ ಸಮಾಧಾನ.

ಕೊಳ್ಳುವ ಮೊದಲು ಇನ್ನೊಂದು ಸಂಗತಿ ಖಾತ್ರಿ ಮಾಡಿಕೊಂಡೆ. 1990ರ ಮತ್ತು 1991ರ ಆರಂಭದ ಕಾರುಗಳಲ್ಲಿ ಕ್ರ್ಯಾಂಕ್ ಶಾಫ್ಟಿನ ಮೂತಿ ಚಿಕ್ಕದು. ಪುಲ್ಲಿ ಬೋಲ್ಟ್ ಸರಿಯಾಗಿ ಬಿಗಿಯಾಗದಿದ್ದರೆ ಅದನ್ನು ಹಿಡಿದಿಡುವ ಕೀ ಎಂಬ ಸಣ್ಣ ಉಕ್ಕಿನ ತುಂಡು ಸವೆದು ಪುಲ್ಲಿ ಅಲ್ಲಾಡಲು ಶುರುವಾಗುತ್ತದೆ. ಆಮೇಲೆ ಮಾಜ್ದಾ ಮೂತಿಯನ್ನು ದಪ್ಪ ಮಾಡಿತು. 1992ರ ಕಾರಿನಲ್ಲಿ ಈ ಚಿಂತೆ ಇಲ್ಲ.

ಕಾರು ಮನೆಗೆ ಬಂತು. ಮೊದಲು ಟೈರು ಬದಲಾಯಿಸಿದೆ. ಆಮೇಲೆ ಬಾನೆಟ್ ಎತ್ತಿ ರಬ್ಬರನ್ನೆಲ್ಲ ಒಂದೊಂದಾಗಿ ಒತ್ತುತ್ತಾ ಹೋದೆ. ರೇಡಿಯೇಟರಿನ ಮೇಲಿನ ಹೋಸ್ ಎರಡು ತುದಿಯಲ್ಲೂ ಉಬ್ಬಿತ್ತು. ಹೀಟರಿನ ಹೋಸ್‌ಗಳು ಎಂಜಿನ್ನಿನ ಹಿಂದೆ, ಕೈ ಹೋಗದ ಜಾಗದಲ್ಲಿ. ಅವುಗಳಲ್ಲಿ ಒಂದು ಗಟ್ಟಿಯಾಗುವ ಬದಲು ಮೆತ್ತಗಾಗಿ, ಅಂಟಂಟಾಗಿತ್ತು. ಅಲ್ಲೇ ಕಾರಣವೂ ಕಾಣಿಸುತ್ತಿತ್ತು. ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ಡಿನ ಹಿಂದೆ, ಕಿಡಿಯ ಸಮಯವನ್ನು ಕಂಪ್ಯೂಟರಿಗೆ ತಿಳಿಸುವ ಕ್ಯಾಮ್ ಆಂಗಲ್ ಸೆನ್ಸರ್ ಕೂತಿರುತ್ತದೆ. ಅದರ ಬುಡದಲ್ಲಿ ಒಂದು ಸಣ್ಣ ಓ ರಿಂಗ್, ಅಂದರೆ ರಬ್ಬರ್ ಉಂಗುರ. ಅದು ಗಟ್ಟಿಯಾದರೆ ಎಂಜಿನ್ ಆಯಿಲ್ ಹನಿಹನಿಯಾಗಿ ಕೆಳಗಿನ ಹೀಟರ್ ಹೋಸಿನ ಮೇಲೆ ಬೀಳುತ್ತದೆ.

ಎಲ್ಲಾ ರಬ್ಬರೂ ಒಂದೇ ಅಲ್ಲ. ಬಿಸಿನೀರಿನ ಹೋಸಿಗೆ ಬಳಸುವುದು ಇಪಿಡಿಎಂ ರಬ್ಬರ್. ಅದು ಶಾಖ ತಡೆಯುತ್ತದೆ, ಓಜೋನ್ ತಡೆಯುತ್ತದೆ, ಕೂಲೆಂಟ್ ತಡೆಯುತ್ತದೆ. ಎಣ್ಣೆ ಮಾತ್ರ ತಡೆಯುವುದಿಲ್ಲ. ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಎಣ್ಣೆಯ ಜಾಗದಲ್ಲಿರುವ ಓ ರಿಂಗ್, ಸೀಲುಗಳದ್ದು ಬೇರೆ ಜಾತಿ, ನೈಟ್ರೈಲ್ ಮುಂತಾದವು. ಅವು ಎಣ್ಣೆಗೆ ಹೆದರುವುದಿಲ್ಲ, ವರ್ಷಾನುಗಟ್ಟಲೆ ಶಾಖಕ್ಕೆ ಸೋಲುತ್ತವೆ. ರಬ್ಬರಿನೊಳಗಿನ ಉದ್ದನೆಯ ಸರಪಳಿಗಳು ಶಾಖ ಮತ್ತು ಆಮ್ಲಜನಕದಿಂದ ಒಂದಕ್ಕೊಂದು ಇನ್ನಷ್ಟು ಬಿಗಿದುಕೊಳ್ಳುತ್ತವೆ. ಆಗ ಸ್ಪ್ರಿಂಗ್ ಗುಣ ಹೋಗಿ, ಒತ್ತಿದ ಆಕಾರದಲ್ಲೇ ನಿಂತುಬಿಡುತ್ತದೆ. ಹೊಸ ಓ ರಿಂಗ್ ದುಂಡಗಿರುತ್ತದೆ. ನಾನು ತೆಗೆದದ್ದು ಚಪ್ಪಟೆಯಾಗಿತ್ತು, ಬಗ್ಗಿಸಿದರೆ ಪಟ್ ಅಂತ ಮುರಿಯಿತು. ಇಷ್ಟು ಸಣ್ಣ ಉಂಗುರ ಹೋಗಿ ಅದರ ಕೆಳಗಿನ ಹೋಸನ್ನೂ ಹಾಳುಮಾಡಿತ್ತು. ಈ ಸೋರಿಕೆಯ ಎಣ್ಣೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗಕ್ಕೆ ಇಳಿಯುವುದರಿಂದ, ಕೆಳಗಿನಿಂದ ನೋಡಿದವರಿಗೆ ಕ್ರ್ಯಾಂಕಿನ ಹಿಂದಿನ ಸೀಲ್ ಹೋದಂತೆ ಕಾಣುತ್ತದೆ. ಆ ಸೀಲ್ ಹಾಕಲು ಗೇರ್‌ಬಾಕ್ಸ್ ಇಳಿಸಬೇಕು. ಮಾರಿದವರಿಗೆ ಒಂದು ಗರಾಜಿನವರು ಹಾಗೇ ಹೇಳಿದ್ದರಂತೆ. ನಿಜಕ್ಕೂ ಬೇಕಾಗಿದ್ದದ್ದು ಒಂದು ಬೋಲ್ಟ್ ಬಿಚ್ಚಿ ಒಂದು ಉಂಗುರ ಹಾಕುವುದು.

ಸೆನ್ಸರ್ ತೆಗೆಯುವ ಮೊದಲು ಅದು ಕೂತ ಜಾಗದ ಮೇಲೆ ಚಾಕುವಿನ ತುದಿಯಿಂದ ಗೆರೆ ಎಳೆದೆ. ಅದು ತಿರುಗಿದ ಮಟ್ಟದ ಮೇಲೇ ಕಿಡಿ ಹೊತ್ತುವ ಸಮಯ ನಿಂತಿರುತ್ತದೆ. ಮತ್ತೆ ಕೂರಿಸಿದ ಮೇಲೆ, ಕಿಡಿಯ ಜೊತೆಗೇ ಮಿನುಗುವ ಟೈಮಿಂಗ್ ಲೈಟ್ ಹಿಡಿದು ನೋಡಬೇಕು. ಬಾನೆಟ್ ಕೆಳಗೆ ಡಯಾಗ್ನೋಸಿಸ್ ಅಂತ ಬರೆದ ಒಂದು ಸಣ್ಣ ಡಬ್ಬಿ ಇದೆ. ಅದರಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಅನ್ನುವ ಎರಡು ತೂತುಗಳನ್ನು ತಂತಿಯಿಂದ ಜೋಡಿಸಿದರೆ ಕಂಪ್ಯೂಟರ್ ತನ್ನ ತಿದ್ದುಪಡಿ ನಿಲ್ಲಿಸುತ್ತದೆ. ಎಂಜಿನ್ ಬಿಸಿಯಾಗಿ, ನಿಮಿಷಕ್ಕೆ 850 ಸುತ್ತಿನ ಆಸುಪಾಸಿನ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ), ಪುಲ್ಲಿಯ ಗುರುತು 10 ಡಿಗ್ರಿಗೆ ನಿಲ್ಲಬೇಕು. ನಿಂತಿತು.

ಇದೆಲ್ಲ ಟೈಮಿಂಗ್ ಬೆಲ್ಟ್ ಕೆಲಸದ ಜೊತೆಗೇ ಮಾಡಿದ್ದು. ಆ ಕೆಲಸವೇ ಇಡೀ ರಿಪೇರಿಯ ಜೀವ. ಕ್ರ್ಯಾಂಕ್ ಶಾಫ್ಟ್ ಮತ್ತು ವಾಲ್ವುಗಳನ್ನು ತೆರೆದು ಮುಚ್ಚುವ ಮೇಲಿನ ಎರಡು ಕ್ಯಾಮ್ ಶಾಫ್ಟುಗಳನ್ನು ಒಂದೇ ಹಲ್ಲಿನ ಬೆಲ್ಟ್ ಕಟ್ಟಿ ಇಟ್ಟಿರುತ್ತದೆ. ಅದೂ ರಬ್ಬರೇ, ಒಳಗೆ ಗಾಜಿನ ನಾರಿನ ಹುರಿ. 60,000 ಮೈಲಿಗೆ ಒಮ್ಮೆ ಬದಲಾಯಿಸಿ ಅನ್ನುತ್ತದೆ ಕೈಪಿಡಿ. ನನ್ನ ಕಾರು ಹಿಂದಿನ ಬೆಲ್ಟ್ ಮೇಲೆ ಅದರ ಅರ್ಧವೂ ಓಡಿರಲಿಲ್ಲ. ಆದರೆ ಬೆಲ್ಟ್ ಹಾಕಿದ ಚೀಟಿಯ ಮೇಲಿನ ತಾರೀಖು ತುಂಬಾ ಹಳೆಯದು. ಈ ಎಂಜಿನ್ನಿನ ಒಂದು ಒಳ್ಳೆಯತನ ಏನೆಂದರೆ, ಬೆಲ್ಟ್ ತುಂಡಾದರೂ ವಾಲ್ವುಗಳು ಪಿಸ್ಟನ್ನಿಗೆ ಬಡಿಯುವುದಿಲ್ಲ. ಕಾರು ನಿಲ್ಲುತ್ತದೆ ಅಷ್ಟೇ. ಹಾಗಂತ ನಮ್ಮ ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಪ್ರದೇಶ) ಫ್ರೀವೇ ನಡುವೆ ಕಾರು ನಿಲ್ಲುವುದು ಸುಮ್ನೆ ಮಾತಲ್ಲ.

ವಾರಾಂತ್ಯಕ್ಕೆ ಹುಬ್ಬಳ್ಳಿಯ ಗೆಳೆಯ ಬಂದ. ಬ್ಯಾಟರಿ ಡಿಕ್ಕಿಯಲ್ಲಿದೆ, ಅದರ ವೈರ್ ಮೊದಲು ಬಿಚ್ಚಿದೆವು. ಕೂಲೆಂಟ್ ಇಳಿಸಿ ರೇಡಿಯೇಟರನ್ನೇ ತೆಗೆದುಬಿಟ್ಟೆವು. ತೆಗೆಯಲೇಬೇಕು ಅಂತಿಲ್ಲ, ಆದರೆ ತೆಗೆದರೆ ಎಂಜಿನ್ನಿನ ಮುಂದೆ ಕೈಯಾಡಿಸಲು ಜಾಗ ಸಿಗುತ್ತದೆ. ಹೇಗೂ ಅದನ್ನು ಬದಲಾಯಿಸುವುದಿತ್ತು. ಹಳೇ ಮಿಯಾಟಾ ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ತೊಟ್ಟಿ ಹೊಸದರಲ್ಲಿ ಕಪ್ಪು. ಶಾಖಕ್ಕೆ ಅದು ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕಂದಾಯಿತೆಂದರೆ ಸೀಳುವ ದಿನ ದೂರವಿಲ್ಲ. ನಮ್ಮದು ಪೂರ್ತಿ ಕಂದು.

ಬೆಲ್ಟುಗಳು, ವಾಟರ್ ಪಂಪಿನ ಪುಲ್ಲಿ, ವಾಲ್ವ್ ಕವರ್, ಸ್ಪಾರ್ಕ್ ಪ್ಲಗ್ ಎಲ್ಲಾ ಬಂದವು. ಈ ಕಾರಿನ ಬಹುಪಾಲು ಬೋಲ್ಟುಗಳು 10, 12, 14, 17 ಮಿಲಿಮೀಟರ್ ಪಾನಾಗಳಿಗೇ ಸಿಗುತ್ತವೆ. ಒಂದೊಂದು ಜಾಗದ ಬೋಲ್ಟುಗಳನ್ನು ಒಂದೊಂದು ಚೀಲಕ್ಕೆ ಹಾಕಿ ಮೇಲೆ ಹೆಸರು ಬರೆದೆ. ಉಳಿದದ್ದು ಕ್ರ್ಯಾಂಕ್ ಪುಲ್ಲಿಯ ನಡುವಿನ 21 ಮಿಲಿಮೀಟರ್ ಬೋಲ್ಟ್. ಬರೀ ಬೆಲ್ಟ್ ಬದಲಾಯಿಸುವುದಾದರೆ ಅದನ್ನು ಮುಟ್ಟಬೇಕಾಗಿಲ್ಲ, ಹೊರ ಪುಲ್ಲಿಯ ನಾಲ್ಕು ಸಣ್ಣ ಬೋಲ್ಟ್ ಬಿಚ್ಚಿದರೆ ಸಾಕು. ಆದರೆ ಅದರ ಹಿಂದೆ ಕ್ರ್ಯಾಂಕಿನ ಮುಂದಿನ ಸೀಲ್ ಇದೆ. ಇಷ್ಟು ಬಿಚ್ಚಿದ ಮೇಲೆ ಮೂವತ್ತು ವರ್ಷದ ಸೀಲನ್ನು ಅಲ್ಲೇ ಬಿಡುವುದು ಸರಿಯಲ್ಲ. ಎಣ್ಣೆ ಸೋರಿದರೆ ಹೊಸ ಬೆಲ್ಟೂ ಹಾಳು.

ಕಾರನ್ನು ಟಾಪ್ ಗೇರಿಗೆ ಹಾಕಿದೆವು. ನಾನು ಒಳಗೆ ಕೂತು ಬ್ರೇಕ್ ಒತ್ತಿದೆ. ಗೆಳೆಯ ಉದ್ದನೆಯ ಬ್ರೇಕರ್ ಬಾರ್ ಹಾಕಿ ಎಳೆದ. ಬೋಲ್ಟ್ ಕದಲಲಿಲ್ಲ.

"ಇದು ಹಂಗ ಬರೂದಲ್ಲೋ. ಪೈಪ್ ಐತೇನ್ ನಿನ್ ಹತ್ರ?"

ಜಾಕಿನ ಹಿಡಿಕೆಯ ಪೈಪನ್ನು ಬಾರಿಗೆ ತೂರಿಸಿದೆವು. ಹಿಡಿತ ಉದ್ದವಾಯಿತು.

"ಬ್ರೇಕ್ ಗಟ್ಟಿ ಒತ್ತಿ ಹಿಡಿ, ಬಿಡಬ್ಯಾಡ."

ಒಂದು ದೊಡ್ಡ ಕಿರುಗುಟ್ಟುವ ಸದ್ದು. "ಬಂತ ನೋಡೋ!" ಅಂತ ಕೂಗಿದ.

ಆಮೇಲಿನದು ತಾಳ್ಮೆಯ ಕೆಲಸ. ಕ್ರ್ಯಾಂಕನ್ನು ತಿರುಗಿಸಿ ಒಂದನೇ ಸಿಲಿಂಡರ್ ಮೇಲಕ್ಕೆ ಬರುವಂತೆ ನಿಲ್ಲಿಸಿದೆವು. ಕ್ಯಾಮ್ ಪುಲ್ಲಿಗಳ ಮೇಲೆ ಐ ಮತ್ತು ಇ ಅನ್ನುವ ಅಕ್ಷರಗಳಿವೆ. ಇನ್‌ಟೇಕ್ ಪುಲ್ಲಿಯ ಐ, ಎಕ್ಸಾಸ್ಟ್ ಪುಲ್ಲಿಯ ಇ, ಎರಡೂ ಹಿಂದಿನ ತಗಡಿನ ಗುರುತಿಗೆ ನೇರವಾಗಿ ನಿಲ್ಲಬೇಕು. ಫೋಟೋ ತೆಗೆದುಕೊಂಡೆ. ಬೆಲ್ಟನ್ನು ಬಿಗಿಹಿಡಿಯುವ ಟೆನ್ಷನರ್ ಸಡಿಲಿಸಿ ಹಳೇ ಬೆಲ್ಟ್ ತೆಗೆದೆ. ಹೊರಗಿನಿಂದ ಅದು ಚೆನ್ನಾಗೇ ಕಾಣುತ್ತಿತ್ತು. ಹಿಂದಕ್ಕೆ ಬಗ್ಗಿಸಿದಾಗ ಹಲ್ಲಿನ ಬುಡದಲ್ಲಿ ಅಡ್ಡಡ್ಡ ಬಿರುಕು. ಬೆಲ್ಟ್ ತೆಗೆದಿದ್ದರಿಂದ ವಾಟರ್ ಪಂಪನ್ನೂ ಬದಲಾಯಿಸಿದೆವು. ಈ ಎಂಜಿನ್ನಿನಲ್ಲಿ ಪಂಪನ್ನು ತಿರುಗಿಸುವುದು ಹೊರಗಿನ ಆಲ್ಟರ್ನೇಟರ್ ಬೆಲ್ಟು. ಆದರೂ ಪಂಪ್ ಬಿಚ್ಚಬೇಕೆಂದರೆ ಟೈಮಿಂಗ್ ಬೆಲ್ಟ್ ತೆಗೆಯಲೇಬೇಕು. ಮತ್ತೆ ಎಲ್ಲಾ ಬಿಚ್ಚುವ ಬದಲು ಒಟ್ಟಿಗೇ ಹಾಕುವುದು ಲೇಸು.

ಸೀಲ್ ತೆಗೆಯುವಾಗ ಅವಸರ ಬೇಡ. ಶಾಫ್ಟಿನ ನುಣುಪಾದ ಮೈಗೆ ಒಂದು ಗೀರು ಬಿದ್ದರೆ ಹೊಸ ಸೀಲೂ ಸೋರುತ್ತದೆ. ಸ್ಕ್ರೂಡ್ರೈವರಿನ ತುದಿಗೆ ಟೇಪ್ ಸುತ್ತಿ, ಹಳೇ ಸೀಲಿನ ತುಟಿಯನ್ನು ಮೊದಲು ಬ್ಲೇಡಿನಲ್ಲಿ ಕೊಯ್ದು, ಆಮೇಲೆ ಎಬ್ಬಿಸಿದೆ. ಹೊಸ ಸೀಲಿನ ತುಟಿಗೆ ಎಣ್ಣೆ ಸವರಿ, ದೊಡ್ಡ ಸಾಕೆಟ್ಟಿನಿಂದ ಸಮನಾಗಿ ಒತ್ತಿ ಕೂರಿಸಿದೆ. ಕ್ಯಾಮ್ ಸೀಲುಗಳಿಗೂ ಹಾಗೇ. ಹೊಸ ಬೆಲ್ಟ್ ಹಾಕುವಾಗ ಎರಡು ಕ್ಯಾಮ್ ಗುರುತುಗಳ ನಡುವೆ ಎಷ್ಟು ಹಲ್ಲು ಇರಬೇಕೋ ಅಷ್ಟಿದೆಯೇ ಅಂತ ಕೈಪಿಡಿ ನೋಡಿ ಎಣಿಸಿದೆವು. ಆಮೇಲೆ ಕ್ರ್ಯಾಂಕನ್ನು ಕೈಯಲ್ಲೇ ಪೂರಾ ಎರಡು ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಅದೇ ಜಾಗಕ್ಕೆ ಬಂದವೇ ಅಂತ ನೋಡಬೇಕು. ಇದನ್ನು ಯಾರೂ ಬಿಡಬಾರದು. ಒಂದು ಹಲ್ಲು ಆಚೀಚೆ ಆದರೂ ಎಂಜಿನ್ ಓಡುತ್ತದೆ, ಸರಿಯಾಗಿ ಮಾತ್ರ ಓಡುವುದಿಲ್ಲ. ಕೊನೆಗೆ ಕ್ರ್ಯಾಂಕ್ ಬೋಲ್ಟನ್ನು ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿದೆವು, ಅಂದಾಜಿನಲ್ಲಲ್ಲ.

ಹೊಸ ಹೋಸುಗಳು, ಹೊಸ ಥರ್ಮೋಸ್ಟಾಟ್, ಹೊಸ ರೇಡಿಯೇಟರ್. ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧರ್ಧ. ಕಾರಿನ ಮೂತಿಯನ್ನು ಎತ್ತರಕ್ಕೆ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಗಾಳಿಗುಳ್ಳೆ ನಿಲ್ಲುವವರೆಗೆ ಓಡಿಸಿದೆವು. ಒಂದು ಹನಿಯೂ ಕೆಳಗೆ ಬೀಳಲಿಲ್ಲ.

ಆದರೆ ಐಡಲ್ ನೆಟ್ಟಗಿರಲಿಲ್ಲ. ಏರುತ್ತಿತ್ತು, ಇಳಿಯುತ್ತಿತ್ತು. ಟ್ರಾಫಿಕ್ ಲೈಟಿನಲ್ಲಿ ನಿಂತರೆ ಒಮ್ಮೆ 1,200, ಒಮ್ಮೆ ನಿಲ್ಲುವಷ್ಟು ಕೆಳಗೆ. ನನಗೆ ಮೊದಲು ಅನುಮಾನ ಬಂದದ್ದು ಸ್ಪಾರ್ಕ್ ಪ್ಲಗ್ ವೈರುಗಳ ಮೇಲೆ. ಈ ಕಾರಿನಲ್ಲಿ ಅವು ಹೋಗುವುದು ಮಾಮೂಲು. ಹೊಸದು ಹಾಕಿದೆ, ಎಳೆತ ಚೂರು ಚುರುಕಾಯಿತು. ಐಡಲ್ ಹಾಗೇ ಇತ್ತು. ರಾತ್ರಿ ಅಪ್ಪನಿಗೆ ಫೋನ್ ಮಾಡಿ, ಬಾನೆಟ್ ಕೆಳಗೆ ಕ್ಯಾಮೆರಾ ಹಿಡಿದೆ. ಅವರಿಗೆ ಬೆಳಗಿನ ಕಾಫಿ ಹೊತ್ತು.

"ಆ ಕಪ್ಪು ಪೈಪ್ ಏನದು? ಸುಕ್ಕುಸುಕ್ಕಾಗಿದ್ಯಲ್ಲ."

"ಏರ್ ಫ್ಲೋ ಮೀಟರಿಂದ ಥ್ರಾಟಲ್‌ಗೆ ಹೋಗೋ ಪೈಪ್ ಅಪ್ಪಾ."

"ಮಡಿಕೆ ಬಿಡಿಸಿ ನೋಡಿದ್ಯಾ?"

"ಹೊರಗಿಂದ ಚೆನ್ನಾಗೇ ಇದೆ."

"ಹೊರಗಿಂದ ಎಲ್ಲಾ ಚೆನ್ನಾಗೇ ಇರತ್ತಪ್ಪಾ. ನಮ್ ಯೆಜ್ಡಿ ಕಾರ್ಬ್ಯುರೇಟರ್ ರಬ್ಬರೂ ಹಂಗೇ ಇತ್ತು. ಬಿಚ್ಚಿ, ಎಳೆದು, ಬಗ್ಸಿ ನೋಡು."

ಬಿಚ್ಚಿದೆ. ಮಡಿಕೆಗಳನ್ನು ಒಂದೊಂದಾಗಿ ಅಗಲಿಸಿ ಟಾರ್ಚ್ ಬಿಟ್ಟೆ. ಕೆಳಮೈಯಲ್ಲಿ, ಎರಡು ಮಡಿಕೆಯ ನಡುವೆ, ಬೆರಳುದ್ದದ ಸೀಳು. ಎಂಜಿನ್ ಓಡುವಾಗ ಅಲುಗಾಟಕ್ಕೆ ಅದು ಬಾಯಿ ಬಿಡುತ್ತಿತ್ತು, ಮುಚ್ಚುತ್ತಿತ್ತು. 1.6 ಲೀಟರ್ ಮಿಯಾಟಾದಲ್ಲಿ ಗಾಳಿಯನ್ನು ಅಳೆಯುವುದು ಒಂದು ಬಾಗಿಲು. ಒಳಗೆ ಹೋಗುವ ಗಾಳಿ ಆ ಬಾಗಿಲನ್ನು ಎಷ್ಟು ತಳ್ಳುತ್ತದೋ ಅಷ್ಟು ಪೆಟ್ರೋಲು ಬಿಡು ಅಂತ ಕಂಪ್ಯೂಟರಿಗೆ ಸುದ್ದಿ ಹೋಗುತ್ತದೆ. ಬಾಗಿಲು ದಾಟಿದ ಮೇಲೆ ಸೀಳಿನಿಂದ ನುಗ್ಗಿದ ಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಗಾಳಿ ಜಾಸ್ತಿ, ಪೆಟ್ರೋಲು ಕಡಿಮೆ. ಯೆಜ್ಡಿಯಲ್ಲಿ ಕಾರ್ಬ್ಯುರೇಟರ್ ರಬ್ಬರ್ ಸೀಳಿದಾಗ ಆಗುತ್ತಿದ್ದದ್ದೂ ಇದೇ. ಮೈಸೂರಿನ ಟೂ ಸ್ಟ್ರೋಕಿಗೂ ಹಿರೋಷಿಮಾದ ಫೋರ್ ಸ್ಟ್ರೋಕಿಗೂ ಕಾಯಿಲೆ ಒಂದೇ. ಹೊಸ ಪೈಪ್ ಹಾಕಿದ ದಿನ ಐಡಲ್ 850ಕ್ಕೆ ನಿಂತಿತು. ಅಪ್ಪನಿಗೆ ಟ್ಯಾಕೋಮೀಟರಿನ ವಿಡಿಯೋ ಕಳಿಸಿದೆ. ಅವರಿಗಾದ ಖುಷಿ ನೋಡಿ ನನಗೆ ಕಣ್ಣು ತುಂಬಿ ಬಂತು.

ಇದು ಸರಿಹೋಗದಿದ್ದರೆ ಸ್ಮಾಗ್ ಪರೀಕ್ಷೆ ಪಾಸಾಗುವುದು ಕಷ್ಟವಿತ್ತು. ಕ್ಯಾಲಿಫೋರ್ನಿಯಾದಲ್ಲಿ 1976ರಿಂದ ಈಚೆಗಿನ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಹೊಗೆ ಪರೀಕ್ಷೆ. ಬೇ ಏರಿಯಾದಲ್ಲಿ 1999ರವರೆಗಿನ ಕಾರುಗಳನ್ನು ರೋಲರ್ ಮೇಲೆ ನಿಲ್ಲಿಸಿ, ಗಂಟೆಗೆ 15 ಮೈಲಿ, ಆಮೇಲೆ 25 ಮೈಲಿ ವೇಗದಲ್ಲಿ ಓಡಿಸಿ, ಹಿಂದಿನ ಕೊಳವೆಯಿಂದ ಬರುವ ಹೊಗೆಯನ್ನು ಅಳೆಯುತ್ತಾರೆ. ಹೈಡ್ರೋಕಾರ್ಬನ್, ಕಾರ್ಬನ್ ಮಾನಾಕ್ಸೈಡ್, ನೈಟ್ರಿಕ್ ಆಕ್ಸೈಡ್. ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನೂ ಬಿಡುವುದಿಲ್ಲ, ಅದರ ರಬ್ಬರ್ ಗ್ಯಾಸ್ಕೆಟ್ ಆವಿ ಹಿಡಿಯಬೇಕು. ನಾನು ಮುಚ್ಚಳ ಮೊದಲೇ ಹೊಸದು ಹಾಕಿದ್ದೆ. ಪರೀಕ್ಷೆಗೆ ಹೋಗುವ ಮುನ್ನ ಫ್ರೀವೇಯಲ್ಲಿ ಚೆನ್ನಾಗಿ ಓಡಿಸಿ ಹೋದೆ. ಕ್ಯಾಟಲಿಟಿಕ್ ಕನ್ವರ್ಟರ್ ಕಾದಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಪಾಸಾಯಿತು.

ಚಳಿಗಾಲದ ಒಂದು ಬೆಳಗ್ಗೆ ಕ್ಲಚ್ ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಕೂತಿತು. ಪೆಡಲ್ ಒತ್ತಿದಾಗ ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ, ಗೇರ್‌ಬಾಕ್ಸಿನ ಪಕ್ಕದ ಸ್ಲೇವ್ ಸಿಲಿಂಡರಿನ ರಬ್ಬರ್ ಮುಚ್ಚಿಗೆ ಎಳೆದರೆ ಒಳಗಿಂದ ಕಪ್ಪು ದ್ರವ ಸುರಿಯಿತು. ಬ್ರೇಕ್ ಮತ್ತು ಕ್ಲಚ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಆ ನೀರು ಸಿಲಿಂಡರಿನ ಒಳಮೈಯನ್ನು ಕೊರೆಯುತ್ತದೆ, ಒರಟಾದ ಮೈ ಒಳಗಿನ ಬಟ್ಟಲಿನಾಕಾರದ ರಬ್ಬರ್ ಸೀಲನ್ನು ಹರಿಯುತ್ತದೆ. ದ್ರವವನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುವುದು ಅದಕ್ಕೇ. ಎರಡು 12 ಮಿಲಿಮೀಟರ್ ಬೋಲ್ಟ್ ಮತ್ತು ಒಂದು ಪೈಪು ಬಿಚ್ಚಿದರೆ ಸ್ಲೇವ್ ಸಿಲಿಂಡರ್ ಕೈಗೆ ಬರುತ್ತದೆ. ಪೆಡಲಿನ ಕಡೆ ಆ ಒತ್ತಡ ಹುಟ್ಟಿಸುವ ಮೇಲಿನ ಮಾಸ್ಟರ್ ಸಿಲಿಂಡರ್ ಮತ್ತು ನಡುವಿನ ರಬ್ಬರ್ ಹೋಸನ್ನೂ ಜೊತೆಗೇ ಹಾಕಿದೆ. ಒಂದನ್ನೇ ಹಾಕಿದರೆ ಇನ್ನೊಂದು ಕೆಲವೇ ತಿಂಗಳಲ್ಲಿ ಕೈಕೊಡುತ್ತದೆ ಅನ್ನುವುದು ಈ ಕಾರಿನವರೆಲ್ಲರ ಅನುಭವ. ಗಾಳಿ ತೆಗೆಯಲು ಇಬ್ಬರು ಬೇಕು. ನಾನು ಕಾರಿನ ಕೆಳಗೆ, ಹೆಂಡತಿ ಪೆಡಲ್ ಮೇಲೆ.

"ಒತ್ತು."

"ಒತ್ತಿದೆ ರೀ."

"ಹಾಗೇ ಹಿಡ್ಕೋ, ಬಿಡಬೇಡ." ನಿಪ್ಪಲ್ ಬಿಚ್ಚಿದೆ, ಗುಳ್ಳೆ ಬಂತು, ಮುಚ್ಚಿದೆ. "ಈಗ ಬಿಡು."

"ರೀ, ಈ ಸಲ ಪೆಡಲ್ ಸ್ವಲ್ಪ ಗಟ್ಟಿಯಾಯ್ತು."

ಅವಳ ಕಾಲಿಗೇ ಮೊದಲು ಗೊತ್ತಾಯಿತು. ಇನ್ನೂ ಕೆಲವು ಸಲ ಹಾಗೇ ಮಾಡಿದ ಮೇಲೆ ಕ್ಲಚ್ ಪೂರ್ತಿ ಬಂತು.

ಕಾರು ಜಾಕ್ ಸ್ಟ್ಯಾಂಡ್ ಮೇಲೆ ಇದ್ದಾಗಲೇ ಗೇರ್ ಲಿವರಿನ ಬುಡಕ್ಕೆ ಹೊದಿಸಿದ ರಬ್ಬರ್ ಬೂಟುಗಳನ್ನೂ ನೋಡಿದೆ. ಎಂಜಿನ್ ಬಿಸಿ ಮತ್ತು ಎಣ್ಣೆ ವಾಸನೆ ಒಳಗೆ ಬರುತ್ತಿತ್ತು. ಕೆಳಗಿನ ಸಣ್ಣ ಬೂಟ್ ಪೂರ್ತಿ ಹರಿದಿತ್ತು. ಲಿವರಿನ ಬುಡದ ಗುಂಡಿಯಲ್ಲಿ ಗೇರ್ ಎಣ್ಣೆ ಇರಬೇಕು, 100 ಮಿಲಿಲೀಟರಿಗಿಂತ ಸ್ವಲ್ಪ ಕಡಿಮೆ. ಅಲ್ಲಿ ಪಸೆಯೂ ಇರಲಿಲ್ಲ. ಹೊಸ ಬೂಟ್, ಹೊಸ ಎಣ್ಣೆ ಹಾಕಿದ ಮೇಲೆ ಗೇರ್ ಬೀಳುವ ರೀತಿಯೇ ಬೇರೆ. ಟ್ಯಾಂಕಿನ ಮೇಲಿನ ಪೆಟ್ರೋಲ್ ಹೋಸುಗಳನ್ನು ಮಾತ್ರ ನಾನು ಮುಟ್ಟಲಿಲ್ಲ. ಸೀಟಿನ ಹಿಂದಿನ ಕಾರ್ಪೆಟ್ ಎತ್ತಿದರೆ ಅವುಗಳ ಮುಚ್ಚಳ ಸಿಗುತ್ತದೆ. ಆದರೆ ಮನೆಯ ಗರಾಜಿನಲ್ಲಿ, ಪಕ್ಕದಲ್ಲೇ ಗ್ಯಾಸ್ ವಾಟರ್ ಹೀಟರ್ ಉರಿಯುವಾಗ, ಪೆಟ್ರೋಲ್ ತೆರೆಯುವುದು ನನಗೆ ಸರಿಕಾಣಲಿಲ್ಲ. ಆ ಕೆಲಸವನ್ನು ಹೊರಗೆ ಮಾಡಿಸಿದೆ.

ಆಮೇಲೆ ಸಸ್ಪೆನ್ಷನ್ ಬುಷ್‌ಗಳು, ಅಂದರೆ ಚಕ್ರ ಹಿಡಿದ ತೋಳುಗಳ ಕೀಲಿನಲ್ಲಿರುವ ರಬ್ಬರ್ ಬಳೆಗಳು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು, ಯಾಕೆಂದರೆ ಗೊತ್ತಿದ್ದವರೂ ಅವಸರಕ್ಕೆ ಬಿಟ್ಟುಬಿಡುತ್ತಾರೆ. ಈ ಬುಷ್‌ನಲ್ಲಿ ರಬ್ಬರು ಒಳಗಿನ ಮತ್ತು ಹೊರಗಿನ ಉಕ್ಕಿನ ಕೊಳವೆಗಳೆರಡಕ್ಕೂ ಅಂಟಿಕೊಂಡಿರುತ್ತದೆ. ತೋಳು ಮೇಲೆ ಕೆಳಗೆ ಆಡುವಾಗ ರಬ್ಬರ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಕಾರು ಗಾಳಿಯಲ್ಲಿ ಎತ್ತಿದ್ದು, ಚಕ್ರ ಜೋತುಬಿದ್ದಾಗ ಬೋಲ್ಟ್ ಬಿಗಿ ಮಾಡಿದರೆ, ಇಳಿಸಿದ ಕೂಡಲೇ ಬುಷ್ ತಿರುಚಿಕೊಂಡು ನಿಲ್ಲುತ್ತದೆ. ಹಗಲೂ ರಾತ್ರಿ ಹಾಗೇ. ಹೊಸ ರಬ್ಬರ್ ಬೇಗ ಹರಿಯುತ್ತದೆ. ಅದಕ್ಕೆ ಬೋಲ್ಟುಗಳನ್ನು ಮೊದಲು ಸುಮ್ನೆ ಕೈಬಿಗಿ ಮಾಡಿ, ಕಾರಿನ ತೂಕ ಚಕ್ರದ ಮೇಲೆ ಬಿದ್ದ ಮೇಲೆ, ಕಾರು ನಿಲ್ಲುವ ಎತ್ತರದಲ್ಲೇ ಪೂರ್ತಿ ಬಿಗಿ ಮಾಡಬೇಕು. ನಾವು ನಾಲ್ಕೂ ಚಕ್ರದ ಕೆಳಗೆ ದಪ್ಪ ಮರದ ದಿಮ್ಮಿ ಇಟ್ಟು, ಮಲಗಿ ಬಿಗಿ ಮಾಡಿದೆವು. ಆಮೇಲೆ ಅಂಗಡಿಯಲ್ಲಿ ಚಕ್ರಗಳ ಅಲೈನ್‌ಮೆಂಟ್. ಅಲ್ಲಿಂದ ಮನೆಗೆ ಬರುವಾಗ ಬೇಕೆಂದೇ ತಿರುವು ತುಂಬಿದ ನೈಲ್ಸ್ ಕ್ಯಾನ್ಯನ್ ರಸ್ತೆ ಹಿಡಿದೆ. ಸ್ಟೇರಿಂಗ್ ಚೂರು ಆಡಿಸಿದರೆ ಮೂತಿ ತಕ್ಷಣ ತಿರುಗುತ್ತಿತ್ತು. ಇಷ್ಟು ದಿನ ನಾನು ಓಡಿಸುತ್ತಿದ್ದದ್ದು ಈ ಕಾರಿನ ಅರ್ಧ ಮಾತ್ರ ಅನ್ನಿಸಿತು.

ಈಗ ಉಳಿದಿರುವುದು ಮೇಲ್ಛಾವಣಿ. ಮಡಚಿದ ಕಡೆ ವಿನೈಲ್ ಸೀಳುತ್ತಿದೆ, ಹಿಂದಿನ ಪ್ಲಾಸ್ಟಿಕ್ ಕಿಟಕಿ ಮಸುಕಾಗಿದೆ. ಈ ಕಾರಿನಲ್ಲಿ ಛಾವಣಿ ಇಳಿಸುವ ಮೊದಲು ಕಿಟಕಿಯ ಜಿಪ್ ಬಿಚ್ಚಿ ಅದನ್ನು ಚಪ್ಪಟೆ ಮಲಗಿಸಬೇಕು. ಹಾಗೆ ಮಾಡದಿದ್ದರೆ ಅದು ಮಡಚಿ ಬಿರುಕು ಬಿಡುತ್ತದೆ. ಛಾವಣಿಯ ನೀರು ಹೋಗಲು ಸೀಟ್ ಬೆಲ್ಟ್ ಕಂಬಗಳ ಹಿಂದೆ ಎರಡು ತೂಬುಗಳಿವೆ. ಎಲೆ, ಮಣ್ಣು ತುಂಬಿ ಅವು ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಪೊಳ್ಳು ಉಕ್ಕಿನ ಪಟ್ಟಿಯ (ಸಿಲ್) ಒಳಗೆ ನಿಂತು, ಹಿಂದಿನ ಚಕ್ರದ ಮುಂದೆ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಮಿಯಾಟಾಗಳನ್ನು ಕೊಲ್ಲುವುದು ಎಂಜಿನ್ ಅಲ್ಲ, ಈ ತುಕ್ಕೇ. ನಾನು ಪ್ರತಿ ಶರತ್ಕಾಲದಲ್ಲೂ ಒಂದು ತಂಬಿಗೆ ನೀರು ಹೊಯ್ದು, ಅದು ಕೆಳಗಿನಿಂದ ಸಲೀಸಾಗಿ ಬರುತ್ತದೆಯೇ ಅಂತ ನೋಡುತ್ತೇನೆ. ಜಪಾನಿನಲ್ಲಿ ಮಾಜ್ದಾ ಈ ಮೊದಲ ತಲೆಮಾರಿನ ಕಾರುಗಳನ್ನು ತಾನೇ ಹೊಸದು ಮಾಡಿಕೊಡುವ ಯೋಜನೆಯನ್ನು 2017ರಲ್ಲಿ ಘೋಷಿಸಿತು. ನಿಂತುಹೋಗಿದ್ದ ಕೆಲವು ಬಿಡಿಭಾಗಗಳನ್ನು ಮತ್ತೆ ತಯಾರಿಸುತ್ತಿದೆ, ಬಟ್ಟೆ ಛಾವಣಿ ಕೂಡ ಅದರಲ್ಲಿದೆ. ಕಾರು ಮಾಡಿದವರೇ ಹೀಗೆ ಜೊತೆಗೆ ನಿಂತರೆ ಎಷ್ಟು ಧೈರ್ಯ ಬರುತ್ತದೆ ಅಲ್ವಾ?

ನನ್ನ ಹೊಸ ಛಾವಣಿ ಬಂದಿದೆ, ಪೆಟ್ಟಿಗೆ ಗರಾಜಿನಲ್ಲಿದೆ. ಹಳೆಯದರ ರಿವೆಟ್ಟುಗಳನ್ನು ಡ್ರಿಲ್ ಮಾಡಿ ತೆಗೆಯಬೇಕು. ಕೆಳಗಿನ ರೇನ್ ರೇಲ್ ಪ್ಲಾಸ್ಟಿಕ್ಕನ್ನೂ ಬದಲಾಯಿಸಬೇಕು, ಅದು ಬಿರುಕು ಬಿಟ್ಟರೆ ನೀರು ತೂಬಿಗೆ ಹೋಗದೆ ಒಳಗೆ ಬರುತ್ತದೆ. ವಿನೈಲ್ ಬಿಸಿಲಿಗೆ ಮೆತ್ತಗಾದಾಗ ಮಾತ್ರ ಸುಕ್ಕಿಲ್ಲದೆ ಹಿಗ್ಗುವುದರಿಂದ, ಬಿಸಿಲು ಜೋರಾಗಿರುವ ಸೆಪ್ಟೆಂಬರಿನ ಒಂದು ಶನಿವಾರ ಗೊತ್ತು ಮಾಡಿಕೊಂಡಿದ್ದೇವೆ. ಹುಬ್ಬಳ್ಳಿಯವನು ಡ್ರಿಲ್ ತರುತ್ತಾನೆ.